ಮೊಣಕಾಲ ಕೆಳಗೆ ಒಂಬತ್ತು ಮಡಿಕೆ

ಮೂರು ತಿಂಗಳು ನಾನು ನಮ್ಮ ಮನೆಯನ್ನು ಕೆಳಗಿನಿಂದ ನೋಡಿದ್ದೇನೆ. ಮನೆಯನ್ನು ಎಲ್ಲರೂ ನಿಂತು ನೋಡಿರುತ್ತಾರೆ, ಕೂತು ನೋಡಿರುತ್ತಾರೆ. ಅಂಗಾತ ಮಲಗಿ, ಮಗ್ಗುಲು ಬದಲಿಸಲಿಕ್ಕೂ ಆಗದೆ, ಹಗಲೆಲ್ಲ ನೋಡಿದವರು ಕಡಿಮೆ. ಒಳಕೋಣೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಇತ್ತು. ಅದರಿಂದ ಇಳಿದ ಬಿಸಿಲಿನ ತುಂಡು ಬೆಳಿಗ್ಗೆ ಅಪ್ಪ ಅಂಗಿ ತೂಗುಹಾಕುವ ಗೂಟದ ಹತ್ತಿರ ಇರುತ್ತಿತ್ತು. ಆಮೇಲೆ ಗೋಡೆಯಿಂದ ಜಾರಿ, ಸಗಣಿ ಸಾರಿಸಿದ ನೆಲದ ಮೇಲೆ ಮೆಲ್ಲಗೆ ಬಂದು, ನನ್ನ ಚಾಪೆ ಹತ್ತಿ, ಹೊಟ್ಟೆಯ ಮೇಲಿನ ಪ್ಲಾಸ್ಟರನ್ನು ದಾಟಿ, ಇಳಿಹೊತ್ತಿಗೆ ಅಕ್ಕಿ ಡಬ್ಬಿಯ ಮಗ್ಗುಲಲ್ಲಿ ಮಾಯವಾಗುತ್ತಿತ್ತು. ಅದು ನನ್ನ ಮೇಲೆ ಇರುವಷ್ಟು ಹೊತ್ತು ನಾನು ಮಾತಾಡುತ್ತಿರಲಿಲ್ಲ. ಮಾತಾಡಿದರೆ ಬೇಗ ಇಳಿದು ಹೋಗುತ್ತದೆ ಎಂದು ಹೇಗೋ ತಲೆಗೆ ಹೊಕ್ಕಿತ್ತು. ಹೊರಗೆ ಶರಾವತಿ ಕಡಲು ಸೇರುವ ಸದ್ದು. ಭರತ ಬಂದರೆ ಒಂದು ತರ, ಇಳಿತವಾದರೆ ಇನ್ನೊಂದು ತರ. ನೀರು ಏರಿದಾಗ ಚಾಪೆಯೂ ನಾನೂ ಸ್ವಲ್ಪ ಮೇಲೆದ್ದು ತೇಲಿದ ಹಾಗೆ ಅನ್ನಿಸುತ್ತಿತ್ತು. ಹಾಗೆ ತೇಲುತ್ತಲೇ ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದೇನೆ.

ನನಗಾಗ ಒಂಬತ್ತು ವರ್ಷ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾವಿದ್ದದ್ದು ಮಾವಿನಕುರ್ವೆಯಲ್ಲಿ, ನಾಲ್ಕೂ ಕಡೆ ನೀರು. ಹೊನ್ನಾವರದ ಪೇಟೆಗೆ ಹೋಗಬೇಕಾದರೆ ತಾರಿ ದೋಣಿಯೇ ಗತಿ. ದೋಣಿ ದಕ್ಕೆಗೆ ತಾಗುವ ಮೊದಲೇ ಹಾರಿ ಇಳಿಯುವುದು ನನ್ನ ದೊಡ್ಡಸ್ತಿಕೆ. ಒಂದು ದಿನ ಹಾರಿದೆ, ಪಾಚಿಗಲ್ಲಿನ ಮೇಲೆ ಕಾಲು ಜಾರಿತು, ಎಡ ತೊಡೆಯ ಮೂಳೆ ಮುರಿಯಿತು. ಆದರೆ ನಾನು ಅಳಲಿಲ್ಲ. ಯಾಕೆ ಅಳಲಿಲ್ಲವೋ ದೇವರೇ ಬಲ್ಲ. ಮೀನಿನ ಬುಟ್ಟಿ ಇಳಿಸುತ್ತಿದ್ದ ಹೆಂಗಸರೆಲ್ಲ ಸುತ್ತ ಸೇರಿ, "ಎಂತಾ ಗಟ್ಟಿ ಹುಡ್ಗಿಯೇ ಮಾರಾಯ್ತಿ! ಒಂದ್ ಹನಿ ಕಣ್ಣೀರಿಲ್ಲ" ಎಂದರು. ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ಅಪ್ಪನೂ ದಾರಿಯುದ್ದಕ್ಕೂ ಅದನ್ನೇ ಹೇಳಿದ. ಕಾಲು ಮುರಿದ ಪೆಟ್ಟು ಕೆಲವು ತಿಂಗಳಿನದು. ಈ ಹೊಗಳಿಕೆಯ ಪೆಟ್ಟು ವಾಸಿಯಾಗಲಿಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಹೊಟ್ಟೆಯಿಂದ ಪಾದದವರೆಗೆ ಹಾಕಿದ್ದ ಪ್ಲಾಸ್ಟರನ್ನು ಮಳೆಗಾಲ ಶುರುವಾಗುವ ಹೊತ್ತಿಗೆ ಬಿಚ್ಚಿದರು. ಒಳಗಿಂದ ಹೊರಬಂದದ್ದು ನನ್ನ ಕಾಲು ಎಂದು ನನಗೆ ನಂಬಿಕೆಯೇ ಬರಲಿಲ್ಲ. ಬೆಳ್ಳಗೆ, ಸಪೂರಕ್ಕೆ, ಯಾರದೋ ಮನೆಯ ಹುಡುಗಿಯದನ್ನು ತಂದು ಜೋಡಿಸಿದ ಹಾಗಿತ್ತು. ಮೂಳೆ ಕೂಡಿದೆ, ಇನ್ನು ನಿಧಾನವಾಗಿ ಬಗ್ಗಿಸಿ, ಜೋರು ಮಾಡಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ನಿಲ್ಲಬಲ್ಲೆ, ಕುಂಟುತ್ತ ನಡೆಯಬಲ್ಲೆ. ಕೂರಲಾರೆ. ಎಡಗಡೆಯ ಸೊಂಟದ ಸಂದು ಮರದ ಬಾಗಿಲಿನ ತುಕ್ಕು ಹಿಡಿದ ತಿರುಗಣಿಯ ಹಾಗೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಚಕ್ಕಲಮಕ್ಕಲ ಹಾಕಲಿಕ್ಕೆ ಹೋದರೆ ಎಡ ಮೊಣಕಾಲು ಎದೆಯ ಮಟ್ಟದಲ್ಲಿ ಎದ್ದು ನಿಲ್ಲುತ್ತಿತ್ತು. ಕುಕ್ಕರಗಾಲಲ್ಲಿ ಕೂರುವುದಂತೂ ಕನಸಿನ ಮಾತು. ಕುರ್ಚಿ ಮೇಜು ಇರುವ ಮನೆಯವರಿಗೆ ಇದರ ಕಷ್ಟ ಗೊತ್ತಾಗುವುದಿಲ್ಲ. ನಮ್ಮ ಮನೆಯ ಬದುಕೆಲ್ಲ ನೆಲದಿಂದ ಒಂದು ಮೊಳದ ಒಳಗೆ ನಡೆಯುತ್ತಿತ್ತು. ಉಣ್ಣುವುದು ನೆಲದಲ್ಲಿ, ಮೀನು ಕೊಯ್ಯುವುದು ನೆಲದಲ್ಲಿ, ಮಸಾಲೆ ಅರೆಯುವುದು, ಪಾತ್ರೆ ಬೆಳಗುವುದು, ಹುಡುಗಿಯರು ಕಲ್ಲಾಟ ಆಡುವುದು, ಶಾಲೆಯಲ್ಲಿ ಸಾಲಾಗಿ ಕೂರುವುದು ಎಲ್ಲ ನೆಲದಲ್ಲಿ. ಬೆಳಗಿನ ಬಹಿರ್ದೆಸೆಯ ಸಂಗತಿಯಂತೂ ಹೇಳುವುದೇ ಬೇಡ; ಅವ್ವಿ, ನನ್ನ ತಾಯಿ, ನನ್ನ ಎರಡೂ ರಟ್ಟೆ ಹಿಡಿದು ತೂಗಬೇಕಿತ್ತು. ಇಳಿತದ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಳಚು ಹೆಕ್ಕುವ ಗೆಳತಿಯರನ್ನು ಜಗಲಿಯ ಕಂಬ ಹಿಡಿದು ನಿಂತು ನೋಡುತ್ತಿದ್ದೆ. ಬುಟ್ಟಿಗೆ ಚಿಪ್ಪು ಬೀಳುವ ಸದ್ದು ಅಷ್ಟು ದೂರಕ್ಕೂ ಕೇಳುತ್ತಿತ್ತು.

ಊಟಕ್ಕೆ ನನಗೊಂದು ಮೀನಿನ ಮರದ ಪೆಟ್ಟಿಗೆಯನ್ನು ಬೋರಲು ಹಾಕಿ ಕೊಟ್ಟಿದ್ದರು. ಎಲ್ಲರೂ ಕೆಳಗೆ ಕೂತು ಗಂಜಿ ಉಣ್ಣುವಾಗ ನಾನೊಬ್ಬಳು ಮೇಲೆ. ಅಪ್ಪನ ನಡುನೆತ್ತಿಯ ಬೋಳು ನನಗೆ ಕಾಣುತ್ತಿತ್ತು. ಅಪ್ಪನಿಗೆ ಅದು ಸರಿಬರುತ್ತಿರಲಿಲ್ಲ. ಬೋಳು ಕಂಡದ್ದಕ್ಕಲ್ಲ, ನಮ್ಮ ಮನೆಯ ಒಂದು ರೂಢಿಗಾಗಿ. ಮಳೆಗಾಲವೆಲ್ಲ ದೋಣಿ ಮೇಲೆಳೆದು ಇಟ್ಟಿರುತ್ತಾರಲ್ಲ, ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮತ್ತೆ ನೀರಿಗಿಳಿಯುತ್ತಾರೆ. ಅದರ ಹಿಂದಿನ ದಿನ ಮಧ್ಯಾಹ್ನ ಮನೆಯ ಮಂದಿಯೆಲ್ಲ ಒಂದೇ ಸಾಲಿನಲ್ಲಿ, ಒಂದೇ ಮಟ್ಟದಲ್ಲಿ ನೆಲಕ್ಕೆ ಕೂತು ಉಣ್ಣಬೇಕು. ಕಡಲಿಗೆ ಹೋಗುವವನಿಗಿಂತ ಎತ್ತರದಲ್ಲಿ ಕೂತು ಯಾರೂ ಉಣ್ಣಬಾರದು. ಅಪ್ಪನ ಅಜ್ಜನ ಕಾಲದಿಂದ ಬಂದದ್ದು. ಆ ವರ್ಷ ಅಪ್ಪ ಮೊದಲ ಸಲ ಸ್ವಂತ ಊರು ಬಿಟ್ಟು ಭಟ್ಕಳದ ದೊಡ್ಡ ಇಂಜಿನ್ ಬೋಟಿಗೆ ಸೇರುವವನಿದ್ದ. ಹುಣ್ಣಿಮೆಗೆ ಹೋದರೆ ದೀಪಾವಳಿಗೇ ಬರುವುದು. ಒಳಗೊಳಗೆ ಅವನಿಗೆ ಹೆದರಿಕೆ ಇತ್ತು ಅಂತ ಈಗ ನನಗೆ ಗೊತ್ತಾಗುತ್ತದೆ. ಅಪ್ಪ ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದದ್ದು. ಆಗ ಕೇಳಿಸಿದ್ದು ಇಷ್ಟೇ:

"ಹುಣ್ಣಿಮೆ ಒಳಗೆ ತಂಗಿ ನೆಲಕ್ಕೆ ಕೂರ್ಬೇಕು. ಅಷ್ಟೇ ನಾ ಹೇಳುದು."

ನನ್ನ ಕಾಲಿನ ಉಸ್ತುವಾರಿ ಅಜ್ಜಿಯದು, ಅಪ್ಪನ ತಾಯಿಯದು. ಅಜ್ಜಿ ಎಂದರೆ ಕುರ್ವೆಗೆಲ್ಲ ಬಾಣಂತಿ ಮೀಯಿಸುವವಳು. ಹಳದೀಪುರದಿಂದಲೂ ಅವಳನ್ನು ಕರೆಯಲಿಕ್ಕೆ ಬರುತ್ತಿದ್ದರು. ನೀಡಿದ ಕಾಲಿನ ಮೇಲೆ ಶಿಶುವನ್ನು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಪುಟ್ಟ ಕಾಲುಗಳನ್ನು ಅತ್ತಿತ್ತ ಮಡಿಸಿ ಬಿಡಿಸಿ ಮಾಡುವುದರಲ್ಲಿ ಅವಳ ಕೈಗೆ ಎಷ್ಟೋ ವರ್ಷಗಳ ರೂಢಿ. ಅವಳು ನನ್ನನ್ನೂ ದೊಡ್ಡದೊಂದು ಶಿಶು ಎಂದೇ ಹಿಡಿದಳು. ತಣ್ಣಗಿನ ಮೈಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಮೊದಲು ಜಗಲಿಯಿಂದ ಬಚ್ಚಲಿಗೆ, ಬಚ್ಚಲಿಂದ ಜಗಲಿಗೆ ಏಳು ಸಲ ನಡೆಸುವಳು. ಆಮೇಲೆ ಎಣ್ಣೆ, ಹಂಡೆಯ ಬಿಸಿನೀರು. ಮೈಯಿಂದ ಹೊಗೆಯೇಳುತ್ತಿರುವಾಗಲೇ ಒರೆಸಿ ಚಾಪೆಯ ಮೇಲೆ ಮಲಗಿಸುವಳು. ಮೊದಲು ಒಳ್ಳೆಯ ಕಾಲಿನ ಮೊಣಕಾಲನ್ನು ನಾನೇ ಎರಡೂ ಕೈಯಲ್ಲಿ ಹಿಡಿದು ಎದೆಗೆ ತರಬೇಕು. ಮತ್ತೊಂದು ಕಾಲು ನೀಡಿಯೇ ಇರಬೇಕು. ಅನಂತರ ಎಡದ್ದು. "ಒಳ್ಳೆ ಕಾಲು ಮೊದ್ಲು ಮಾಡ್ಲಿ, ಇದು ನೋಡ್ಕಣ್ಲಿ" ಎನ್ನುವಳು, ಕಾಲಿಗೂ ಕಣ್ಣಿದ್ದ ಹಾಗೆ. ಕಡೆಗೆ ಎರಡೂ ಪಾದದ ಅಡಿ ಒಂದಕ್ಕೊಂದು ತಾಗಿಸಿ ಮೊಣಕಾಲುಗಳನ್ನು ಅತ್ತ ಇತ್ತ ಬೀಳಬಿಡುವುದು. ಒಳ್ಳೆಯ ಕಾಲು ಚಾಪೆಗೆ ಬೀಳುತ್ತಿತ್ತು. ಎಡದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು. ಅದರ ಕೆಳಗೆ ಅಜ್ಜಿ ತನ್ನ ಹಳೇ ಸೀರೆಯನ್ನು ದಪ್ಪಗೆ ಒಂಬತ್ತು ಮಡಿಕೆ ಮಾಡಿ, ಮೊಣಕಾಲು ಅದರ ಮೇಲೆ ಒರಗುವ ಹಾಗೆ ಇಡುತ್ತಿದ್ದಳು. ಕಾಲು ಅಂತರದಲ್ಲಿ ತೂಗಾಡಬಾರದು, ಅದಕ್ಕೆ ಆಧಾರ ಬೇಕು, ಆಧಾರ ಸಿಕ್ಕರೆ ಅದು ತಾನೇ ಬಿಗಿ ಬಿಡುತ್ತದೆ ಎಂಬುದು ಅವಳ ಲೆಕ್ಕ. ವಾರಕ್ಕೊಂದು ಮಡಿಕೆ ತೆಗೆಯುವುದು, ಹೆಚ್ಚಿಲ್ಲ.

ಹಾಗೆ ಮಲಗಿ ನಾನು ಏಳರ ಮಗ್ಗಿ ಹೇಳಬೇಕಿತ್ತು. ಇದು ಲೆಕ್ಕ ಕಲಿಯಲಿಕ್ಕಲ್ಲ. ಅಜ್ಜಿಗೆ ಮಗ್ಗಿ ಬರುತ್ತಲೇ ಇರಲಿಲ್ಲ. ನಾನು ಏಳೇಳು ಐವತ್ತು ಎಂದರೂ ಅವಳು ಹೂಂ ಎನ್ನುವಳು. ಅವಳು ಕೇಳುತ್ತಿದ್ದದ್ದು ನನ್ನ ಉಸಿರನ್ನು. ಸ್ವರ ನಡುಗಿದರೆ, ಮಾತಿನ ನಡುವೆ ಉಸಿರು ಸಿಕ್ಕಿಕೊಂಡರೆ ಕೂಡಲೇ ಬಿಟ್ಟುಬಿಡುತ್ತಿದ್ದಳು.

"ಎಳ್ತ ಬಂದ್ರೆ ಇರು ಮಗಾ. ಚುಚ್ಚಿದ್ರೆ ಸಾಕು ಹೇಳು. ಎಳ್ತ ಬೇರೆ, ಚುಚ್ಚುದು ಬೇರೆ. ಗೊತ್ತಾತಾ?"

"ಆತು."

"ಕುಣ್ಸುದು, ಜಗ್ಗುದು ಎಂತದೂ ಬೇಡ. ಸುಮ್ನೆ ಇರು. ಅದಾಗೇ ಬತ್ತದೆ."

ನನಗೆ ಗೊತ್ತಾಗಿತ್ತು, ಆದರೆ ನಾನು ಹೇಳುತ್ತಿರಲಿಲ್ಲ. ಗಟ್ಟಿ ಹುಡುಗಿ ಅಲ್ಲವೇ! ಚುಚ್ಚಿದರೂ ಸ್ವರ ನಡುಗದ ಹಾಗೆ ಮಗ್ಗಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡೆ. ಅಜ್ಜಿಯ ಕೈಗೆ ಮಾತ್ರ ಮೋಸ ಮಾಡಲಿಕ್ಕಾಗುತ್ತಿರಲಿಲ್ಲ. ತೊಡೆಯ ಮೇಲಿಟ್ಟ ಅಂಗೈಯಿಂದಲೇ ಅವಳಿಗೆ ತಿಳಿಯುತ್ತಿತ್ತು. "ಹುಟ್ಟಿದ್ ಶಿಶುಗಾದ್ರೂ ಅಳೂಕೆ ಗೊತ್ತದೆ. ನಿಂಗೆ ಎಂತ ಆಗ್ಯದೆ?" ಎಂದು ಬೈದು ಎಬ್ಬಿಸುವಳು. ಬಯ್ಗಳ ತಿಂದರೂ ನನಗೆ ಹೆಮ್ಮೆಯೇ.

ಆ ಮಳೆಗಾಲ ಅಪ್ಪ ಜಗಲಿಯಲ್ಲೇ ಇರುತ್ತಿದ್ದ, ಬಲೆ ಹೆಣೆಯುತ್ತ, ಹಗ್ಗ ತಯಾರು ಮಾಡುತ್ತ. ಮಾತು ಕಡಿಮೆಯ ಮನುಷ್ಯ. ಅವನ ಪ್ರೀತಿಯೆಲ್ಲ ಕೈಯಲ್ಲೇ ಇದ್ದದ್ದು. ನನಗೆ ಬೆನ್ನು ತುರಿಸಿಕೊಳ್ಳಲು ಬಲೆಯ ಕಡ್ಡಿಯನ್ನು ನುಣ್ಣಗೆ ಕೆತ್ತಿ ಕೊಟ್ಟಿದ್ದ, ಮಲಗಿದ್ದಲ್ಲೇ ನೀರು ಕುಡಿಯಲು ಪಪ್ಪಾಯಿ ದಂಟು ಕೊಯ್ದು ತರುತ್ತಿದ್ದ. ಹಗ್ಗದ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊಸ ಹಗ್ಗವನ್ನು ಹಾಗೇ ದೋಣಿಗೆ ಹಾಕಿದರೆ ತಿರುಚಿಕೊಂಡು ಗಂಟಾಗುತ್ತದೆ. ಅದಕ್ಕೇ ಅದನ್ನು ನೀರಿನಲ್ಲಿ ನೆನೆಸಿ, ಎರಡು ತೆಂಗಿನ ಮರಗಳ ನಡುವೆ ಕಟ್ಟಿ, ಮಧ್ಯದಲ್ಲಿ ಕಲ್ಲು ಇಳಿಬಿಡುತ್ತಾರೆ. ಮರುದಿನ ಇನ್ನೊಂದು ಕಲ್ಲು. ನಾಲ್ಕು ದಿನಕ್ಕೆ ಹಗ್ಗ ಸೊಕ್ಕು ಬಿಟ್ಟು ಹೇಳಿದ ಹಾಗೆ ಕೇಳುತ್ತದೆ. ಅಜ್ಜಿ ವಾರಕ್ಕೊಂದು ಮಡಿಕೆ ತೆಗೆಯುವುದನ್ನು ನೋಡಿ ನೋಡಿ ಅಪ್ಪನಿಗೆ ತಡೆಯಲಿಲ್ಲ.

"ನೀ ಹಿಂಗೇ ಸೀರೆ ಮಡ್ಚತಾ ಕೂತ್ರೆ ಹುಣ್ಣಿಮೆ ಅಲ್ಲ, ಶಿವರಾತ್ರಿ ಬಂದ್ರೂ ಆಗುದಲ್ಲ ಇದು. ಹಗ್ಗ ಆದ್ರೂ ಭಾರ ಹಾಕದೆ ಬಗ್ಗೂದಿಲ್ಲ."

"ಹಗ್ಗಕ್ಕೆ ಜೀವ ಅದ್ಯನಾ?" ಎಂದಳು ಅಜ್ಜಿ.

"ನೆನ್ಸಿದ್ದು ಅದೂ, ಬಿಸಿನೀರು ಹೊಯ್ದದ್ದು ಇದೂ. ಎರಡೂ ಒಂದೇಯ."

ಅಜ್ಜಿ ಎಲೆಯಡಿಕೆ ಉಗುಳಲು ಎದ್ದು ಹೋದಳು. ನನಗೆ ಮಾತ್ರ ಅಪ್ಪನ ಮಾತು ಸರಿ ಅನ್ನಿಸಿತ್ತು. ಹುಣ್ಣಿಮೆಗೆ ಹತ್ತು ದಿನ ಉಳಿದಿತ್ತು, ಸೀರೆಯದು ಇನ್ನೂ ನಾಲ್ಕು ಮಡಿಕೆ ಇತ್ತು. ನಾನು ಮೇಲೆ ಕೂತು ಉಂಡರೆ ಅಪ್ಪನಿಗೆ ಕಡಲಿನಲ್ಲಿ ಏನಾದರೂ ಆದರೆ? ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆದರೆ ಮಲಗಿದ ಮಕ್ಕಳು ತಾವೇ ಯೋಚನೆ ಮಾಡಿಕೊಳ್ಳುತ್ತಾರೆ. ಬೋಟು, ಗಾಳಿ, ಕಪ್ಪು ನೀರು, ಎಲ್ಲದರ ನಡುವೆ ನನ್ನ ಎಡ ಮೊಣಕಾಲು ಎದ್ದು ನಿಂತದ್ದು ನನಗೆ ಹಗಲಲ್ಲೇ ಕಾಣುತ್ತಿತ್ತು.

ಮಾರನೇ ದಿನ ಅಜ್ಜಿ ಯಾರದೋ ಬಾಣಂತಿ ಸ್ನಾನಕ್ಕೆ ಹೋಗಿದ್ದಳು, ಅವ್ವಿ ಒಣಮೀನು ಹೊತ್ತು ಹೊನ್ನಾವರದ ಪೇಟೆಗೆ. ಮಳೆ ಬಿಟ್ಟು ಗಾಜಿನ ಹೆಂಚಿನಿಂದ ಅಪರೂಪಕ್ಕೆ ಬಿಸಿಲು ಇಳಿದಿತ್ತು. ಅಪ್ಪ ಜಗಲಿಯಿಂದ ಒಳಗೆ ಬಂದು ಚಾಪೆಯ ಅಂಚಿಗೆ ಕೂತ. ಕೈಯಲ್ಲಿ ಬಲೆಗೆ ಕಟ್ಟುವ ಚಪ್ಪಟೆ ಕಲ್ಲುಗಳು, ಪಂಚೆಯ ತುಂಡಿನಲ್ಲಿ ಸುತ್ತಿದ್ದು.

"ನೋಡುವನಾ ತಂಗಿ?"

"ನೋಡುವ" ಎಂದೆ. ಇದನ್ನು ನಾನು ಯಾವತ್ತೂ ಮುಚ್ಚಿಟ್ಟಿಲ್ಲ. ಹೂಂ ಎಂದವಳು ನಾನು.

ನಡೆದಿರಲಿಲ್ಲ, ಎಣ್ಣೆ ಇಲ್ಲ, ಬಿಸಿನೀರಿಲ್ಲ. ಅಂಗಾಲು ಕೂಡಿಸಿ ಮಲಗಿದೆ. ಅಪ್ಪ ಸೀರೆಯ ಮಡಿಕೆ ಎಲ್ಲ ತೆಗೆದು ಬದಿಗಿಟ್ಟ. ಮೊಣಕಾಲಿನ ಮೇಲೆ ಒಂದು ಕಲ್ಲಿನ ಗಂಟು ಇಟ್ಟ. ಎಳೆಯಿತು. ಇನ್ನೊಂದು ಇಟ್ಟ. ತುಂಬ ಎಳೆಯಿತು. "ನೂರು ಎಣ್ಸು" ಎಂದ. ಎಣಿಸಿದೆ. ಮೂವತ್ತರ ಹೊತ್ತಿಗೆ ಚುಚ್ಚಲು ಶುರುವಾಯಿತು, ತೊಡೆಯ ಸಂದಿನಲ್ಲಿ, ಮೀನಿನ ಮುಳ್ಳು ಚುಚ್ಚಿದ ಹಾಗೆ. ಸ್ವರವನ್ನು ಗಟ್ಟಿ ಹಿಡಿದೆ. ಮೊಣಕಾಲು ಇಳಿಯುತ್ತಿತ್ತು, ಅಪ್ಪನ ಮುಖ ಅರಳುತ್ತಿತ್ತು; ಆ ಮುಖವನ್ನು ಕೆಡಿಸುವುದು ನನ್ನಿಂದಾಗಲಿಲ್ಲ. ಬಿಸಿಲಿನ ತುಂಡು ಹೊಟ್ಟೆಯ ಮೇಲೆ ಇತ್ತು. ಅದನ್ನೇ ನೋಡುತ್ತ ಎಣಿಸಿದೆ. ಅರವತ್ತೆರಡು, ಅರವತ್ತಮೂರು. "ಭಪ್ಪರೇ! ಗಟ್ಟಿ ಹುಡ್ಗಿ!" ಎಂದ ಅಪ್ಪ. ಅರವತ್ತನಾಲ್ಕು ಹೇಳುವಷ್ಟರಲ್ಲಿ ಒಳಗೆ ಏನೋ ಹರಿಯಿತು. ಹರಿದ ಸದ್ದು ನನಗೆ ಕೇಳಿಸಿತು, ಅಪ್ಪನಿಗಿಲ್ಲ. ನಾನು ಮತ್ತೂ ಎಣಿಸಿದೆ. ಎಂಬತ್ತಕ್ಕೆ ಬಂದಾಗ ತುಟಿ ಬಿಳಿಚಿದ್ದು ನೋಡಿ ಅಪ್ಪನೇ ಕಲ್ಲು ಎತ್ತಿ ಎಸೆದ. ಕಾಲು ಮಡಿಸಿದ್ದು ಮಡಿಸಿದ ಹಾಗೇ ಇತ್ತು, ನೀಡಲು ಬರಲಿಲ್ಲ. ಆಗ ಬಿಸಿಲು ನನ್ನ ಮೇಲಿನಿಂದ ಇಳಿದು ಹೋಗಿತ್ತೋ ಕಣ್ಣಿಗೆ ಕತ್ತಲೆ ಬಂದಿತ್ತೋ ಹೇಳಲಾರೆ.

ಸಂಜೆ ನನ್ನನ್ನು ಪೇಟೆಯ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದರು. ಮೂಳೆಗೆ ಏನೂ ಆಗಿಲ್ಲ, ಸ್ನಾಯು ಹರಿದಿದೆ, ಮೂರು ವಾರ ಅಲ್ಲಾಡಿಸಬೇಡಿ ಎಂದರು. ಅವ್ವಿಯ ಬಾಯಿಗೆ ಆ ದಿನ ತಡೆ ಇರಲಿಲ್ಲ.

"ನನ್ ಮಗ್ಳು ಎಂತ ನಿಮ್ ಬಲೆಯಾ, ಕಲ್ಲು ಕಟ್ಟಿ ಮುಳುಗ್ಸೂಕೆ? ಹೇಳಿ! ಬಾಯಿ ಬಿಟ್ಟು ಹೇಳಿ!"

ಅಪ್ಪ ಜಗಲಿಯ ಮೂಲೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅಜ್ಜಿ ಅವನನ್ನು ಬೈಯಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದು ಕೂತಳು. ಅವಳ ಮೈಯಿಂದ ಬಾಣಂತಿ ಮನೆಯ ಅರಿಶಿನದ ವಾಸನೆ ಬರುತ್ತಿತ್ತು.

"ಚುಚ್ಚತಾ ಇತ್ತಾ?"

"ಹೂಂ."

"ಹೇಳ್ಲಿಲ್ಲ ಎಂತಕೆ?"

ನಾನು ಚಾಪೆಯ ಅಂಚಿನ ಎಳೆ ಕೀಳತೊಡಗಿದೆ.

"ಅಂವ ಕಲ್ಲಿಟ್ಟದ್ದು ತಪ್ಪು. ಅದು ಅಂವಂಗೆ ಗೊತ್ತಾಗ್ಯದೆ. ಆದ್ರೆ ನೀನು ಅಂವಂಗೆ ಸುಳ್ಳು ಹೇಳ್ದೆ ಮಗಾ. ಸುಮ್ನಿದ್ದದ್ದೂ ಸುಳ್ಳೇಯ."

ಕಾಲು ಮುರಿದಾಗ ಅಳದವಳು ಆಗ ಅತ್ತೆ. ಎಷ್ಟು ಅತ್ತೆನೆಂದರೆ ಬೈಯುವುದನ್ನು ನಿಲ್ಲಿಸಿ ಅವ್ವಿ ಒಳಗೆ ಓಡಿ ಬಂದಳು. ಅಜ್ಜಿ ಮಾತ್ರ, "ಬಿಡು, ಅಳ್ಲಿ, ಈಗ ಉಸಿರು ಸರಿ ಬತ್ತದೆ" ಎಂದು ನನ್ನ ತಲೆ ನೇವರಿಸುತ್ತ ಕೂತಳು.

ಹುಣ್ಣಿಮೆಯ ಹಿಂದಿನ ದಿನ ಬಂತು. ನೆಲಕ್ಕೆ ಕೂರುವುದಿರಲಿ, ಪೆಟ್ಟಿಗೆಯ ಮೇಲೆ ಕೂರುವ ಯೋಗ್ಯತೆಯೂ ನನಗೆ ಉಳಿದಿರಲಿಲ್ಲ. ಅಡಿಗೆ ಕೋಣೆಯಿಂದ ಹೆಸರುಬೇಳೆ ಪಾಯಸದ ಪರಿಮಳ, ಬಂಗಡೆ ಪಳದಿಯ ಪರಿಮಳ. ಎಲೆ ಹಾಕುವ ಸದ್ದು ಕೇಳಿ ನಾನು ಗೋಡೆಯ ಕಡೆಗೆ ಮುಖ ಮಾಡಿದೆ. ಆಗ ಅಪ್ಪ ಎಲೆಗಳನ್ನು ಎತ್ತಿಕೊಂಡು ಒಳಕೋಣೆಗೆ ಬಂದ. ನನ್ನ ಚಾಪೆಯ ಪಕ್ಕ ಒಂದರ ಮಗ್ಗುಲಲ್ಲಿ ಒಂದು ಚಾಪೆ ಹಾಸಿದ. ಕಲ್ಲಿನ ದಿನದ ನಂತರ ಅವನು ಮನೆಯಲ್ಲಿ ಆಡಿದ ಮೊದಲ ದೊಡ್ಡ ಮಾತು ಅದು:

"ಒಂದೇ ಮಟ್ಟ ಆಗ್ಬೇಕು, ಅಷ್ಟೇ ಅಲ್ದಾ? ಎಲ್ರೂ ಮಲ್ಕಂಡೇ ಉಣ್ಣುವ."

ಅವ್ವಿ ಕಣ್ಣು ಬಿಟ್ಟು ನೋಡಿದಳು. ಅಜ್ಜಿ, "ಹುಚ್ಚು ಹಿಡ್ದದ್ಯನಾ ನಿಂಗೆ" ಎನ್ನುತ್ತಲೇ ಮೊದಲು ಮಲಗಿದಳು. ಹಾಗೆ ನಾವು ನಾಲ್ಕು ಜನ ಮೊಣಕೈ ಊರಿ, ಮಗ್ಗುಲಾಗಿ ಮಲಗಿ, ಬಾಳೆಲೆಯಲ್ಲಿ ಉಂಡೆವು. ಪಾಯಸ ಮೊಣಕೈವರೆಗೆ ಹರಿಯಿತು. ಅಜ್ಜಿಗೆ ಅನ್ನ ನೆತ್ತಿಗೆ ಹತ್ತಿ ಕೆಮ್ಮು ಬಂತು, ಆ ಕೆಮ್ಮಿನ ನಡುವೆಯೇ ನಗು ಬಂತು, ಅವಳ ನಗು ನೋಡಿ ಅವ್ವಿ ನಕ್ಕಳು. ಹೊರಗೆ ಭರತದ ನೀರು ಏರುತ್ತಿತ್ತು. ಗಾಜಿನ ಹೆಂಚಿನ ಮಸುಕು ಬೆಳಕಿನಲ್ಲಿ ಎಲ್ಲರ ಮುಖವೂ ನನ್ನ ಮುಖದ ಮಟ್ಟದಲ್ಲಿ ಇತ್ತು. ಒಳಕೋಣೆಯೇ ಒಂದು ದೋಣಿಯಾಗಿ ನಾವೆಲ್ಲ ಅದರ ತಳದಲ್ಲಿ ಮಲಗಿ ಎಲ್ಲಿಗೋ ಹೋಗುತ್ತಿದ್ದೇವೆ ಅನ್ನಿಸಿತು. ಅಷ್ಟು ಸುಖವಾದ ಊಟವನ್ನು ನಾನು ಮತ್ತೆ ಉಂಡಿಲ್ಲ. ಅಪ್ಪ ಮಾತ್ರ ನಗಲಿಲ್ಲ. ನನ್ನ ಎಲೆಗೆ ಬಂಗಡೆಯ ಮುಳ್ಳು ಬಿಡಿಸಿ ಹಾಕುತ್ತಿದ್ದ, ನನ್ನ ಕಾಲಿನ ಕಡೆ ನೋಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬಾಗಿಲಲ್ಲೇ ನಿಂತು "ಬತ್ತೆ ತಂಗಿ" ಎಂದು ಹೇಳಿ ಹೋದ.

ಅವನು ಹೋದ ಮೇಲೆ ಅಜ್ಜಿ ಮತ್ತೆ ಒಂಬತ್ತು ಮಡಿಕೆಯಿಂದ ಶುರುಮಾಡಿದಳು. ಈ ಸಲ ಮಗ್ಗಿ ಇಲ್ಲ. "ನಿನ್ ಸ್ವರ ನಂಬುದಲ್ಲ ನಾನು. ನೀನೇ ಹೇಳ್ಬೇಕು" ಎಂದಳು. ನಾನು ಹೇಳದಿದ್ದರೆ ಅವಳು ಕೈಯನ್ನೇ ಇಡುತ್ತಿರಲಿಲ್ಲ. ನೀವು ನಂಬುವುದಿಲ್ಲ, ಕಾಲು ಬಗ್ಗಿಸುವುದಕ್ಕಿಂತ ನನಗೆ ಅದು ಕಷ್ಟವಾಯಿತು. ಸಾಕು ಎಂಬ ಎರಡಕ್ಷರ ಹೊರಗೇ ಬಾರದು. ಮೊದಲ ಸಲ ಪಿಸುಗುಟ್ಟಿದೆ, ಕಳ್ಳತನ ಒಪ್ಪಿಕೊಂಡ ಹಾಗೆ ನಾಚಿಕೆಯಾಯಿತು. ಅಜ್ಜಿ ಕೂಡಲೇ ಬಿಟ್ಟು, "ಹಾಂ! ಈಗ ಜಾಣೆ" ಎಂದಳು. ಸಾಕು ಎಂದ ದಿನವೆಲ್ಲ ಕಾಲು ಮರುದಿನ ಒಂದು ಎಳೆಯಷ್ಟು ಹೆಚ್ಚು ಇಳಿಯುತ್ತಿತ್ತು. ಯಾಕೆಂದು ಆಗ ಅರ್ಥವಾಗಲಿಲ್ಲ; ಹೆದರಿದ ಸ್ನಾಯು ಬಿಗಿಯುತ್ತದೆ, ಹೆದರದ್ದು ಬಿಡುತ್ತದೆ ಎಂದು ಬಹಳ ವರ್ಷಗಳ ನಂತರ ತಿಳಿಯಿತು. ಇವತ್ತಿಗೂ ಕುಮಟೆಯ ನನ್ನ ಮನೆಯಲ್ಲಿ ಬೆಳಿಗ್ಗೆ ಎದ್ದು, ನಡೆದು ಮೈ ಬಿಸಿಮಾಡಿಕೊಂಡು, ಅದೇ ಕ್ರಮದಲ್ಲಿ ಸೊಂಟ ಸಡಿಲಿಸುತ್ತೇನೆ. ಪಕ್ಕದ ಮನೆಯ ಹುಡುಗಿಯರು ಟಿವಿಯಲ್ಲಿ ನೋಡಿ ಒಂದೇ ದಿನಕ್ಕೆ ಕಾಲು ಹರಡಲು ಹೋಗಿ ಕುಂಟುತ್ತ ಬಂದರೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಮೈಯನ್ನು ಜಗ್ಗಿ ಗೆಲ್ಲುತ್ತೇನೆ ಅನ್ನುವವರಿಗೆ ನಾನು ಚಹಾ ಕೊಡುವುದಿಲ್ಲ.

ವಾರಗಳು ಕಳೆದವು. ಮಡಿಕೆಗಳು ಒಂದೊಂದಾಗಿ ಹೋದವು. ಮೊದಲು ಮೂರು ಮಣೆ ಒಂದರ ಮೇಲೊಂದು ಇಟ್ಟು, ಕಂಬ ಹಿಡಿದು ಅದರ ಮೇಲೆ ಇಳಿದೆ, ಆಮೇಲೆ ಎರಡು ಮಣೆ, ಆಮೇಲೆ ಒಂದು. ದೀಪಾವಳಿ ಹತ್ತಿರ ಬಂದಾಗ ಸೀರೆ ಪೂರ್ತಿ ಹೋಗಿತ್ತು. ಬರೀ ಚಾಪೆ. ಮೊಣಕಾಲಿಗೂ ಚಾಪೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿದಿತ್ತು, ಅದು ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಆ ನಾಲ್ಕು ಬೆರಳು ಇಳಿದರೆ ನೆಲಕ್ಕೆ ಸರಿಯಾಗಿ ಕೂತಂತೆ. ಅಷ್ಟರಲ್ಲಿ ಅಜ್ಜಿಗೆ ಹಳದೀಪುರದಿಂದ ಕರೆ ಬಂತು, ಬಾಣಂತಿ ಮನೆಗೆ ಹತ್ತು ದಿನ. ಅದೇ ದಿನ ಭಟ್ಕಳದಿಂದ ಅಪ್ಪ ಬಂದ, ಮೂರು ದಿನದ ರಜೆಗೆ. ಬಿಸಿಲಿಗೆ ಇನ್ನೂ ಕಪ್ಪಾಗಿದ್ದ. ನಾನು ಅಂಗಳದಲ್ಲಿ ನಡೆದಾಡುವುದನ್ನು ದೂರದಿಂದ ನೋಡಿದ. ನನಗೆ ಬಳೆ ತಂದಿದ್ದ, ಅದನ್ನೂ ಅವ್ವಿಯ ಕೈಯಲ್ಲೇ ಕೊಡಿಸಿದ. ಕಲ್ಲಿನ ದಿನದಿಂದ ಅವನು ನನ್ನನ್ನು ಮುಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವಿ ಪೇಟೆಗೆ ಹೋದ ಮೇಲೆ ನಾನು ನಡೆದೆ, ಎಣ್ಣೆ ಹಚ್ಚಿ ಮಿಂದೆ, ಚಾಪೆ ಹಾಸಿಕೊಂಡೆ. ಒಂದು ಕಾಲು ಬಿಡುವಾಗ ಇನ್ನೊಂದು ಕಡೆಯ ಸೊಂಟ ಏಳದ ಹಾಗೆ ಯಾರಾದರೂ ಅಂಗೈ ಇಟ್ಟು ಹಿಡಿಯಬೇಕು. ಮತ್ತೊಂದು ಅಂಗೈ ಮೊಣಕಾಲಿನ ಮೇಲೆ ಸುಮ್ಮನೆ ಇರಬೇಕು, ಒತ್ತಲಿಕ್ಕಲ್ಲ. ಮನೆಯಲ್ಲಿ ಇದ್ದವನು ಅಪ್ಪ ಒಬ್ಬನೇ.

"ಅಪ್ಪಾ, ಬಾ. ಹಿಡ್ಕ."

ಜಗಲಿಗೆ ಕೇಳುವ ಹಾಗೆ ಮತ್ತೆ ಕರೆದೆ.

"ಅಜ್ಜಿ ಬರ್ಲಿ. ನಂಗೆ ಬರೂದಿಲ್ಲ ಅದು."

"ನಾ ಹೇಳಿ ಕೊಡ್ತೆ. ಸಾಕು ಅಂದ್ಕೂಡ್ಲೆ ಬಿಡು, ಅಷ್ಟೇಯ."

"ಬೇಡ ತಂಗಿ."

"ನಾ ಸಾಕು ಹೇಳ್ತೆ ಅಪ್ಪಾ. ಈಗ ಹೇಳೂಕೆ ಬತ್ತದೆ ನಂಗೆ."

ಬಹಳ ಹೊತ್ತಿನ ಮೇಲೆ ಬಂದ. ಕೈ ತೊಳೆದುಕೊಂಡು ಬಂದಿದ್ದ. ಮೊಣಕಾಲೂರಿ ಕೂತ. ಹಗ್ಗ ಎಳೆದೆಳೆದು ಒರಟಾದ ಒಂದು ಅಂಗೈಯನ್ನು ನನ್ನ ಸೊಂಟಕ್ಕೆ, ಇನ್ನೊಂದನ್ನು ಮೊಣಕಾಲಿಗೆ ತಾಗಿಸಿದ. ಅಜ್ಜಿ ಕಲಿಸಿದ ಹಾಗೆ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡೆ, ಬಿಟ್ಟೆ. ಎಳ್ತ ಬಂತು, ಅಲ್ಲೇ ನಿಂತೆ. ಉಸಿರು ಬಿಟ್ಟೆ. ಎಳ್ತ ಕರಗಿತು. ಮತ್ತೆ ಎಳೆಯಿತು, ಮತ್ತೆ ಕರಗಿತು. ಹೊಳೆಯ ನೀರು ಇಳಿಯುವ ಸದ್ದು ಕೇಳುತ್ತಿತ್ತು. ಚುಚ್ಚಲಿಲ್ಲ, ಎಲ್ಲೂ ಚುಚ್ಚಲಿಲ್ಲ. ಮಾತಾಡುವ ಕಾರಣವೇ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಎಷ್ಟು ಹೊತ್ತಾಯಿತೋ, ತಲೆಯ ಮೇಲಿಂದ ಅಪ್ಪನ ಸ್ವರ ಕೇಳಿಸಿತು.

"ಸಾಕು ಹೇಳೇ ತಂಗಿ."

ಕಣ್ಣು ಬಿಟ್ಟೆ. ಅವನ ಹಣ್ಣಾದ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು.

"ನೋವಿಲ್ಲ ಅಪ್ಪಾ. ನಿಜಕ್ಕೂ ಇಲ್ಲ."

"ಇಲ್ದೇ ಹೋದ್ರೂ ಹೇಳು. ಒಂದ್ಸಲ ಸಾಕು ಹೇಳೇ, ನಿನ್ ಕಾಲಿಗೆ ಬೀಳ್ತೆ."

"ಸಾಕು" ಎಂದೆ.

ಕೆಂಡ ಮುಟ್ಟಿದವನ ಹಾಗೆ ಅಪ್ಪ ಎರಡೂ ಕೈ ಮೇಲಕ್ಕೆತ್ತಿದ. ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು ಕೆಳಗೆ ನೋಡಿದ. ನಾನೂ ತಲೆ ಎತ್ತಿ ನೋಡಿದೆ. ಯಾರ ಕೈಯೂ ಇಲ್ಲದೆ ನನ್ನ ಮೊಣಕಾಲು ಚಾಪೆಯ ಮೇಲೆ ಇತ್ತು.